ನಿಮಗಿದು ಗೊತ್ತೆ? ಪೆನ್‌ಡ್ರೈವ್‌ನಲ್ಲೇ ಓಡುವ ಲಿನಕ್ಸ್

● ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹೇಗಿದೆ ಎಂದು ನೋಡಲು ಕಂಪ್ಯೂಟರಿನಲ್ಲಿರುವ ವಿಂಡೋಸ್ ಅಳಿಸಬೇಕಿಲ್ಲ. ಉಬುಂಟು, ಲಿನಕ್ಸ್ ಮಿಂಟ್‌ನಂಥ ಲಿನಕ್ಸ್ ಆವೃತ್ತಿಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಬಹುದು. ವೈಫೈ ಸಿಗುತ್ತದೆಯೇ, ಪ್ರಿಂಟರ್ ಓಡುತ್ತದೆಯೇ, ಸ್ಪೀಕರಿನಲ್ಲಿ ಸದ್ದು ಬರುತ್ತದೆಯೇ ಎಂದು ಪರೀಕ್ಷಿಸಿ. ಇಷ್ಟವಾಗದಿದ್ದರೆ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರಾಯಿತು. ‘ಇನ್‌ಸ್ಟಾಲ್’ ಒತ್ತದ ಹೊರತು ವಿಂಡೋಸ್ ಇದ್ದಂತೆಯೇ ಇರುತ್ತದೆ. ಆದರೆ ಲಿನಕ್ಸ್ ಹಾಕುವಾಗ ಪೆನ್‌ಡ್ರೈವ್‌ನಲ್ಲಿದ್ದ ಹಳೆಯ ಫೈಲುಗಳು ಅಳಿಸಿಹೋಗುತ್ತವೆ. ಮೊದಲೇ ಬೇರೆಡೆ ಉಳಿಸಿಕೊಳ್ಳಿ.

● ಇನ್‌ಸ್ಟಾಲ್ ಮಾಡದೆಯೇ ಓಡಿಸುವ ಈ ‘ಲೈವ್’ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು ಜರ್ಮನಿಯ ಕ್ಲೌಸ್ ಕ್ನಾಪರ್ 2000ರಲ್ಲಿ ಹೊರತಂದ ‘ಕ್ನಾಪಿಕ್ಸ್’ ಎಂಬ ಲಿನಕ್ಸ್ ಆವೃತ್ತಿ. ಆಗ ಅದು ಓಡುತ್ತಿದ್ದುದು ಸಿ.ಡಿ.ಯಿಂದ.

● 1991ರಲ್ಲಿ ಲಿನಕ್ಸ್ ಬರೆಯತೊಡಗಿದಾಗ ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿ. ಇದು ಬರೀ ಹವ್ಯಾಸ, ದೊಡ್ಡದೇನೂ ಆಗದು ಎಂದೇ ಅವರು ಹೇಳಿಕೊಂಡಿದ್ದರು. ಈಗ ಆಂಡ್ರಾಯ್ಡ್ ಫೋನುಗಳ ಒಳತಿರುಳು ಲಿನಕ್ಸ್. 2017ರ ನವೆಂಬರ್ ಪಟ್ಟಿಯಿಂದೀಚೆಗೆ ಜಗತ್ತಿನ ಅಗ್ರ 500 ಸೂಪರ್ ಕಂಪ್ಯೂಟರುಗಳೆಲ್ಲವೂ ಓಡುವುದು ಇದರಲ್ಲೇ.

● ಲಿನಕ್ಸ್‌ನ ಲಾಂಛನವಾದ ಪೆಂಗ್ವಿನ್ ‘ಟಕ್ಸ್’ ಅನ್ನು 1996ರಲ್ಲಿ ಲ್ಯಾರಿ ಯೂಯಿಂಗ್ ಬಿಡಿಸಿದ್ದು ‘ಗಿಂಪ್’ ಎಂಬ ಸ್ವತಂತ್ರ ತಂತ್ರಾಂಶದಲ್ಲಿ.

● ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯನ್ನು ಇನ್‌ಸ್ಟಾಲ್ ಮಾಡುವಾಗ ಕಾಣುವ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.