ಮನೆಯಂಗಳದ ಮರಗೆಲಸ ಮತ್ತು ನಮ್ಮ ಹತ್ತು ಬೆರಳು

ಅಡಿಕೆಗೆ ಬೋರ್ಡೋ ಸಿಂಪಡಣೆ ಮುಗಿಸಿ, ಮಳೆ ಬಿಡುವುದನ್ನು ಕಾಯುವ ದಿನಗಳಲ್ಲಿ ನಮ್ಮ ಕಾಸರಗೋಡಿನ ಕಡೆಯ ಮನೆಗಳಲ್ಲಿ ಮರದ ಕೆಲಸ ತೆಗೆಯುವುದು ಹಿಂದಿನಿಂದ ಬಂದ ರೂಢಿ. ಹಾರೆಗೆ ಹಿಡಿ ಹಾಕಬೇಕು, ಹಟ್ಟಿಯ ಬಾಗಿಲಿನ ಕೆಳಗಿನ ಹಲಗೆ ಕುಂಬಾಗಿರುತ್ತದೆ, ಬೆಂಚಿನ ಒಂದು ಕಾಲು ಅಲುಗಾಡುತ್ತಿರುತ್ತದೆ. ಇಷ್ಟಕ್ಕೆಲ್ಲ ಆಚಾರಿಯವರನ್ನು ಕರೆಯಲು ಈಗ ಆಗುವುದಿಲ್ಲ. ಕರೆದರೂ ಅವರಿಗೆ ಪುರುಸೊತ್ತಿಲ್ಲ. ಹಾಗಾಗಿ ಮನೆಯವರೇ ಉಳಿ, ಗರಗಸ ಹಿಡಿಯುತ್ತಾರೆ. ಒಳ್ಳೆಯದೇ. ಆದರೆ ಈಚೆಗೆ ಉಳಿ, ಗರಗಸದ ಜಾಗಕ್ಕೆ ಕರೆಂಟಿನ ಯಂತ್ರಗಳು ಬಂದಿವೆ. ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಡ್ರಿಲ್, ಗ್ರೈಂಡರ್, ಮಾರ್ಬಲ್ ಕಟ್ಟರ್ ಎಲ್ಲವೂ ಸಿಗುತ್ತವೆ. ಅದನ್ನು ಹಿಡಿಯುವ ಕ್ರಮವನ್ನು ಮಾತ್ರ ಅಂಗಡಿಯವರು ಹೇಳಿಕೊಡುವುದಿಲ್ಲ.

ಮೊದಲು ಕೈಯ ಹತಾರಗಳ ಮಾತು. ಮೊಂಡು ಉಳಿಯಿಂದ ಕೈ ಕೊಯ್ಯುವುದಿಲ್ಲ ಎಂದು ತಿಳಿದವರು ಬಹಳ ಮಂದಿ. ನಿಜ ಸಂಗತಿ ಇದಕ್ಕೆ ವಿರುದ್ಧ. ಮೊಂಡು ಉಳಿಯನ್ನು ಬಲ ಹಾಕಿ ನೂಕಬೇಕಾಗುತ್ತದೆ. ನೂಕಿದ್ದು ಒಮ್ಮೆಲೇ ಜಾರಿದರೆ ಆ ಬಲವೆಲ್ಲ ಎದುರಿಗೆ ಏನಿದೆಯೋ ಅದರ ಮೇಲೆ. ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದೂವರೆ ಇಂಚಿನ ಕಲೆ ಇದೆ. ಹಲಸಿನ ತುಂಡನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಉಳಿ ನೂಕಿದ್ದರ ಗುರುತು ಅದು. ಎರಡು ತಪ್ಪು ಒಟ್ಟಿಗೆ ಆಗಿತ್ತು: ಉಳಿ ಮೊಂಡಾಗಿತ್ತು, ಕೈ ಉಳಿಯ ಮುಂದೆ ಇತ್ತು. ಎರಡೂ ಕೈ ಯಾವಾಗಲೂ ಬಾಯಿಯ ಹಿಂದೆ ಇರಬೇಕು. ಮರವನ್ನು ಕೈಯಲ್ಲಿ ಹಿಡಿಯದೆ ಕ್ಲಾಂಪಿನಲ್ಲೋ ವೈಸಿನಲ್ಲೋ ಬಿಗಿಯಬೇಕು. ವೈಸ್ ಇಲ್ಲದಿದ್ದರೆ ಬೆಂಚಿನ ಅಂಚಿಗೆ ಒಂದು ಪಟ್ಟಿ ಹೊಡೆದು ಅದಕ್ಕೆ ಮರವನ್ನು ಒತ್ತಿ ನಿಲ್ಲಿಸಿದರೂ ಆದೀತು.

ಉಳಿಗೂ ಕೀಸುಳಿಯ ಅಲಗಿಗೂ ಸಾಣೆ ಹಿಡಿಯುವಾಗ ಇಳಿಜಾರು ಎಷ್ಟಿರಬೇಕು ಎಂದು ಕೇಳುವವರಿದ್ದಾರೆ. ಅಳತೆ ಸುಲಭ. ಇಳಿಜಾರಿನ ಉದ್ದ ಅಲಗಿನ ದಪ್ಪದ ಎರಡು ಪಟ್ಟು ಇದ್ದರೆ ಸರಿಯಾಗಿ 30 ಡಿಗ್ರಿ ಬರುತ್ತದೆ. ಹಲಸು, ಸಾಗುವಾನಿಗೆಲ್ಲ ಇದು ಸಾಕು. ಸಾಣೆಕಲ್ಲಿಗೆ ನೀರು ಹಾಕಿ, ಇಳಿಜಾರನ್ನು ಪೂರ್ತಿ ಕಲ್ಲಿಗೆ ಕೂರಿಸಿ, ಕೈ ಮೇಲೆ ಕೆಳಗೆ ತೂಗದಂತೆ ಉಜ್ಜಬೇಕು. ಹಿಂಬದಿಗೆ ಬೆರಳಿಟ್ಟರೆ ತೆಳ್ಳಗೆ ಒಂದು ಅಂಚು ಮಡಚಿಕೊಂಡದ್ದು ತಗಲುತ್ತದೆ. ಆಗ ಹಿಂಬದಿಯನ್ನು ಕಲ್ಲಿಗೆ ಪೂರ್ತಿ ಚಪ್ಪಟೆಯಾಗಿಟ್ಟು ನಾಲ್ಕಾರು ಸಲ ಎಳೆದು ಅದನ್ನು ತೆಗೆಯಬೇಕು. ಕರೆಂಟಿನ ಸಾಣೆಯಲ್ಲಿ ಹಿಡಿಯುವವರು ಮತ್ತೆ ಮತ್ತೆ ನೀರಿನಲ್ಲಿ ಅದ್ದಬೇಕು. ಅಂಚು ನೀಲಿಗಟ್ಟಿತೋ, ಅಲ್ಲಿನ ಹದ ಹೋಯಿತು. ಅಷ್ಟು ಭಾಗ ಸವೆದು ಹೋಗುವ ತನಕ ಆ ಉಳಿಯಲ್ಲಿ ಹರಿತ ನಿಲ್ಲುವುದಿಲ್ಲ.

ತೆಂಗಿನ ಮರ ಕೊಯ್ಯುವವರಿಗೆ ಒಂದು ಮಾತು. ಅದರ ಹೊರಭಾಗ ಗಟ್ಟಿ, ತಿರುಳು ಮೆದು. ಯಾವ ಗರಗಸವೇ ಆಗಲಿ, ಅದರಲ್ಲಿ ಬಹು ಬೇಗ ಮೊಂಡಾಗುತ್ತದೆ. ಮುಂಚಿತವಾಗಿಯೇ ಅರ ಹತ್ತಿರ ಇಟ್ಟುಕೊಳ್ಳಿ.

ಈಗ ಯಂತ್ರದ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು.

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಹೆದರಬೇಕಾದ ಯಂತ್ರ ಗಾತ್ರದಲ್ಲಿ ಅತಿ ಸಣ್ಣದು. ಕಬ್ಬಿಣ ಉಜ್ಜಲೆಂದು ತಂದ ನಾಲ್ಕು ಇಂಚಿನ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡು ಸಿಕ್ಕಿಸಿ ಕೆಲಸ ಮಾಡುವುದನ್ನು ಎಲ್ಲ ಕಡೆ ಕಾಣುತ್ತೇವೆ. ಈ ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ನಾಲ್ಕು ಇಂಚಿನ ಬ್ಲೇಡಿನ ಅಂಚಿನಲ್ಲಿ ಅದು ಎಷ್ಟು ವೇಗ ಎಂದು ಲೆಕ್ಕ ಹಾಕಿದರೆ ಗಂಟೆಗೆ 200 ಕಿಲೋಮೀಟರಿಗಿಂತ ಹೆಚ್ಚು. ಕಬ್ಬಿಣ ಉಜ್ಜುವ ಕಲ್ಲು ಚೂರು ಚೂರೇ ಸವೆಸುತ್ತದೆ. ಹಲ್ಲಿನ ಬ್ಲೇಡು ಹಾಗಲ್ಲ, ಮರವನ್ನು ಕಚ್ಚಿ ಹಿಡಿಯುತ್ತದೆ. ಹಲ್ಲು ಗಂಟಿಗೆ ಸಿಕ್ಕಿದ ಕ್ಷಣ ಯಂತ್ರವೇ ಕೈಯಿಂದ ಹಾರುತ್ತದೆ. ಗ್ರೈಂಡರಿಗೆ ಮರದ ಮೇಲೆ ಕೂರುವ ತಳದ ತಗಡು ಇಲ್ಲ. ಬ್ಲೇಡು ಹಿಡಿಸುವುದಿಲ್ಲವೆಂದು ಕಾಪಿನ ತಗಡನ್ನೂ ಕೆಲವರು ಬಿಚ್ಚಿಡುತ್ತಾರೆ. ಸ್ವಿಚ್ಚು ಒಮ್ಮೆ ಒತ್ತಿದರೆ ಅಲ್ಲಿಯೇ ಸಿಕ್ಕಿಕೊಂಡು ನಿಲ್ಲುವಂಥದ್ದು. ಕೈಯಿಂದ ಜಾರಿ ಬಿದ್ದರೂ ತಿರುಗುತ್ತಲೇ ಇರುತ್ತದೆ. ನಮ್ಮ ನೆರೆಯ ಒಬ್ಬರು ಹೀಗೆಯೇ ಎಡಗೈಯ ಎರಡು ಬೆರಳು ಕಳೆದುಕೊಂಡರು. ಹಾಲು ಕರೆದು ಜೀವನ ಮಾಡುವ ಮನೆ. ಈಗ ಅವರ ಹೆಂಡತಿ ಒಬ್ಬರೇ ನಾಲ್ಕು ದನಗಳನ್ನು ಕರೆಯುತ್ತಾರೆ.

ಆದ್ದರಿಂದ ಗ್ರೈಂಡರಿಗೆ ಹಲ್ಲಿನ ಬ್ಲೇಡು ಬೇಡವೇ ಬೇಡ. ಎಷ್ಟು ಅನುಭವ ಇದ್ದವರಿಗೂ ಇದೇ ಮಾತು. ಮರ ಕೊಯ್ಯಲು ತಳದ ತಗಡು ಇರುವ, ಕೈ ತೆಗೆದ ಕೂಡಲೇ ತಾನಾಗಿ ಬ್ಲೇಡನ್ನು ಮುಚ್ಚುವ ಕಾಪು ಇರುವ ಸರ್ಕ್ಯುಲರ್ ಸಾ ಎಂಬ ಯಂತ್ರವೇ ಬೇಕು. ಆ ಕಾಪು ಅಡ್ಡ ಬರುತ್ತದೆಂದು ಬಳ್ಳಿಯಿಂದ ಕಟ್ಟಿ ಮೇಲೆ ನಿಲ್ಲಿಸಬಾರದು. ಅದು ಬೇಕಾಗಿ ಇಟ್ಟದ್ದು.

ಒಳ್ಳೆಯ ಯಂತ್ರವೂ ಹಿಂದಕ್ಕೆ ಒದೆಯುವುದುಂಟು. ಹೇಗೆಂದರೆ, ಉದ್ದದ ಹಲಗೆಯ ಎರಡೂ ತುದಿಗೆ ಮಣೆ ಕೊಟ್ಟು ನಡುವಿನಲ್ಲಿ ಕೊಯ್ದರೆ, ಕೊಯ್ತ ಮುಗಿಯುತ್ತ ಬಂದಂತೆ ಹಲಗೆ ನಡುವಿನಲ್ಲಿ ಜೋತು ಬೀಳುತ್ತದೆ. ಸೀಳಿನ ಬಾಯಿ ಮುಚ್ಚಿ ಬ್ಲೇಡನ್ನು ಹಿಡಿಯುತ್ತದೆ. ಬ್ಲೇಡು ನಿಲ್ಲುವ ಬದಲು ಇಡೀ ಯಂತ್ರ ನಮ್ಮ ಕಡೆಗೆ ಹಾರುತ್ತದೆ. ಇದಕ್ಕೆ ಪರಿಹಾರ ಬಹಳ ಸರಳ: ಎರಡು ಮಣೆಯನ್ನೂ ಇಟ್ಟುಕೊಳ್ಳುವ ಭಾಗದ ಅಡಿಗೆ ಕೊಡಿ, ತುಂಡಾಗಿ ಹೋಗುವ ಭಾಗ ಹೊರಗೆ ಚಾಚಿಕೊಂಡಿರಲಿ. ಆಗ ಸೀಳು ತಾನಾಗಿ ಅಗಲವಾಗುತ್ತದೆ. ಹಸಿ ಹಲಸಿನ ಮರವನ್ನು ಉದ್ದಕ್ಕೆ ಸೀಳುವಾಗ ಮರವೇ ಒಳಗಿನ ಬಿಗುವಿನಿಂದ ಬಾಯಿ ಮುಚ್ಚುವುದುಂಟು. ಯಂತ್ರ ನಿಲ್ಲಿಸಿ, ಕೊಯ್ದ ಭಾಗಕ್ಕೆ ಸಣ್ಣ ಬೆಣೆ ತೂರಿಸಿ ಮುಂದುವರಿಯಬೇಕು. ನಿಲ್ಲುವುದು ಬ್ಲೇಡಿನ ನೇರಕ್ಕಲ್ಲ, ಸ್ವಲ್ಪ ಬದಿಗೆ.

ಬೇಲಿಯ ಅಂಚಿನ ಮರಗಳಲ್ಲಿ ಮುಳ್ಳುತಂತಿ, ಮೊಳೆ ಒಳಗೇ ಸೇರಿಹೋಗಿರುತ್ತವೆ. ಹಳೆಯ ಮನೆಯ ಪಕ್ಕಾಸುಗಳಲ್ಲಿಯೂ ಹಾಗೆಯೇ. ಕೊಯ್ಯುವ ಮೊದಲು ಕೆರೆದು ನೋಡುವುದು ಲಾಭ.

ಮುಂಡು ಎತ್ತಿಕಟ್ಟಿ, ಹೆಗಲಿಗೆ ಬೈರಾಸು ಹಾಕಿ ಡ್ರಿಲ್ ಹಿಡಿಯುವುದು ನಮ್ಮ ಊರಿನ ಅಭ್ಯಾಸ. ತಿರುಗುವ ಯಂತ್ರಕ್ಕೆ ಬಟ್ಟೆಯ ಒಂದು ತುದಿ ಸಿಕ್ಕಿದರೆ ಸಾಕು. ಬೈರಾಸನ್ನು ಗೂಟಕ್ಕೆ ತೂಗಿಸಿ, ಕೊರಳಿನ ಜಪಸರವನ್ನು ಅಂಗಿಯ ಒಳಗೆ ಹಾಕಿಕೊಳ್ಳಿ. ಬ್ಲೇಡು, ಡ್ರಿಲ್ ತಿರುಗುವಲ್ಲಿ ನೂಲಿನ ಕೈಚೀಲವನ್ನೂ ಹಾಕಬಾರದು, ಅದು ಕೈಯನ್ನು ಕಾಯುವ ಬದಲು ಎಳೆದುಕೊಂಡು ಹೋಗುತ್ತದೆ. ಕಣ್ಣಿಗೆ ಕನ್ನಡಕ ಮಾತ್ರ ಬೇಕೇ ಬೇಕು. ಬ್ಲೇಡು ಬದಲಿಸುವಾಗ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣೆದುರು ಇಟ್ಟುಕೊಳ್ಳಬೇಕು. ಮಕ್ಕಳಿರುವ ಮನೆಯಲ್ಲಿ ಇದು ಇನ್ನೂ ಮುಖ್ಯ.

ಮಳೆಗಾಲದಲ್ಲಿ ನೆಲ ಒದ್ದೆ, ಗೋಡೆ ಒದ್ದೆ. ಯಂತ್ರದ ಸಂಪರ್ಕ 30 ಮಿಲಿಆಂಪಿಯರಿನ ಇಎಲ್‌ಸಿಬಿ ಇರುವ ಲೈನಿನಿಂದಲೇ ಇರಲಿ. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ, ಕರೆಂಟು ಕಡಿಯುತ್ತದೆಯೇ ಎಂದು ನೋಡಿ.

ಇನ್ನು ಮರದ ಹುಡಿ. ಇಂಗ್ಲೆಂಡಿನ ಹೈ ವಿಕಂಬ್ ಎಂಬ ಊರಿನ ಕುರ್ಚಿ, ಮೇಜು ತಯಾರಿಸುವ ಕಾರ್ಖಾನೆಗಳ ಕೆಲಸಗಾರರಲ್ಲಿ ಮೂಗಿನ ಒಳಗಿನ ಕ್ಯಾನ್ಸರ್ ಹೆಚ್ಚಾಗಿ ಕಾಣುತ್ತದೆಂದು 1960ರ ದಶಕದಲ್ಲಿ ಅಲ್ಲಿನ ವೈದ್ಯರು ಗುರುತಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿ ಮರದ ಹುಡಿಯನ್ನು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು. ಅವರು ವರ್ಷಗಟ್ಟಲೆ ದಿನವಿಡೀ ಹುಡಿಯಲ್ಲಿದ್ದವರು. ವರ್ಷಕ್ಕೆ ಹತ್ತು ದಿನ ಮರಗೆಲಸ ಮಾಡುವವರು ಅಷ್ಟು ಹೆದರಬೇಕಾಗಿಲ್ಲ. ಆದರೆ ಕೆಮ್ಮು, ದಮ್ಮು ಹತ್ತು ದಿನಕ್ಕೂ ಬರಬಹುದು, ಬೀಟೆಯ ಹುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಕಣ್ಣಿಗೆ ಕಾಣದ ನುಣ್ಣನೆಯ ಹುಡಿಯೇ ಕೆಟ್ಟದ್ದು, ಅದು ಹೆಚ್ಚು ಬರುವುದು ಮರಳು ಕಾಗದದ ಯಂತ್ರದಿಂದ. ಎನ್-95 ಮಾಸ್ಕ್ ಹಾಕಿ, ಕೆಲಸವನ್ನು ಗಾಳಿ ಆಡುವ ಕಡೆ ಇಟ್ಟುಕೊಳ್ಳಿ, ನೆಲವನ್ನು ಒಣ ಹಿಡಿಸೂಡಿಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಹುಡಿಯ ರಾಶಿಯ ಹತ್ತಿರ ಎಸೆಯಬೇಡಿ. ಅದು ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಗಿಸಬೇಕು.

ಇಷ್ಟಾದರೂ ಗಾಯವಾದರೆ? ಸಣ್ಣ ಗೀರಿಗೆ ಕಮ್ಯುನಿಸ್ಟ್ ಸೊಪ್ಪಿನ ರಸ ಹಿಂಡುವುದು ನಮ್ಮಲ್ಲಿ ಮಾಮೂಲು. ಆಳದ ಗಾಯಕ್ಕೆ ಸೊಪ್ಪು, ಅರಸಿನ, ಕಾಫಿ ಹುಡಿ ಯಾವುದೂ ಬೇಡ. ಒಗೆದ ಬಟ್ಟೆಯಿಂದ ಬಲವಾಗಿ ಒತ್ತಿ, ಕೈ ಎತ್ತಿ ಹಿಡಿಯಿರಿ. ರಕ್ತ ನಿಂತಿತೇ ಎಂದು ಮತ್ತೆ ಮತ್ತೆ ತೆಗೆದು ನೋಡಬೇಡಿ. ಬೆರಳು ತುಂಡಾಗಿದ್ದರೆ ಹುಡುಕಿ ತನ್ನಿ. ಅದನ್ನು ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿ ಇಡಬೇಕು. ಮಂಜುಗಡ್ಡೆ ಬೆರಳಿಗೆ ನೇರವಾಗಿ ತಾಗಿದರೆ ಮಾಂಸ ಸತ್ತುಹೋಗುತ್ತದೆ. ಕೂಡಲೇ 108ಕ್ಕೆ ಫೋನು ಮಾಡಿ. ಬೆರಳು ಮರುಜೋಡಣೆ ಎಲ್ಲ ಆಸ್ಪತ್ರೆಯಲ್ಲಿ ಆಗುವುದಿಲ್ಲ. ನಮ್ಮವರು ಸಾಮಾನ್ಯವಾಗಿ ಹೋಗುವುದು ಮಂಗಳೂರಿಗೆ. ಎಲ್ಲಿ ಮಾಡುತ್ತಾರೆಂದು ಮೊದಲೇ ವಿಚಾರಿಸಿ, ಆ ಫೋನ್ ನಂಬರನ್ನು ಹಟ್ಟಿಯ ಗೋಡೆಗೆ ಬರೆದಿಡಿ. ಕೊನೆಯ ಟೆಟನಸ್ ಚುಚ್ಚುಮದ್ದಿಗೆ ಐದು ವರ್ಷ ದಾಟಿದ್ದರೆ ಅದನ್ನೂ ವೈದ್ಯರಿಗೆ ಹೇಳಲು ಮರೆಯಬೇಡಿ. ಸಗಣಿ, ಮಣ್ಣಿನ ನಡುವೆ ಆದ ಗಾಯ ಅದು.