ಕಾಲು ಅಂಗುಲದ ಅವಕಾಶ

ಹೊಸ್ತಿಲಿಗೆ ನಮ್ಮಲ್ಲಿ ಪೂಜೆಯಿದೆ; ಬಾಗಿಲಿಗೆ ತೋರಣವಿದೆ; ಬೀಗದ ಕೈಗಂತೂ ಮನೆಯೊಡತಿಯ ಸೊಂಟದಲ್ಲಿಯೇ ಸ್ಥಾನ. ಇವಕ್ಕೆಲ್ಲ ಆಧಾರವಾಗಿ, ಮೂಲೆಯಲ್ಲಿ ನಿಂತು, ಹಗಲಿರುಳು ಭಾರ ಹೊರುವ ಕೀಲನ್ನು ಕುರಿತು ಮಾತ್ರ ಯಾರೂ ಒಂದು ಒಳ್ಳೆಯ ಮಾತನ್ನಾಡಿದ್ದನ್ನು ನಾನು ಕೇಳಿಲ್ಲ. ಅದು ಕಿರುಗುಟ್ಟಿದಾಗ ನಮಗೆ ಅದರ ನೆನಪು; ಒಂದು ತೊಟ್ಟು ಎಣ್ಣೆ ಬಿಟ್ಟರೆ ಮತ್ತೆ ಮರೆವು. 2011ರ ಆಗಸ್ಟ್ ತಿಂಗಳ ಒಂದು ಬೆಳಗಿನವರೆಗೆ ನಾನೂ ಈ ಮರೆವಿಗೆ ಹೊರತಾಗಿರಲಿಲ್ಲ.

ಆಗ ನಾನು ಧಾರವಾಡದ ಕಡೆಯ ಎರೆ ಸೀಮೆಯ ಊರೊಂದರಲ್ಲಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿದ್ದೆ. ಶಾಲೆಗೆ ಹಳೆಯ ವಿದ್ಯಾರ್ಥಿಗಳು ಒಂದು ಕಬ್ಬಿಣದ ಗೇಟನ್ನು ಮಾಡಿಸಿಕೊಟ್ಟಿದ್ದರು. ಎರಡು ಕದಗಳು; ಒಂದೊಂದೂ ಹತ್ತು ಅಡಿ ಅಗಲ, ಐದು ಅಡಿ ಎತ್ತರ, ತೂಕ ಒಂದೂವರೆ ಕ್ವಿಂಟಲ್. ಹೊಸದರಲ್ಲಿ ಅದರ ಚೆಂದವೇ ಚೆಂದ. ಬೆರಳಿನಿಂದ ತಳ್ಳಿದರೆ ಸಾಕು, ಆನೆಯಂಥ ಕದ ಹಂಸದಂತೆ ತೇಲಿ ಬರುತ್ತಿತ್ತು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಸೊಬಗು ಹೋಯಿತು. ಎರೆಯ ಮಣ್ಣಿನ ಸ್ವಭಾವವನ್ನು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ನೀರು ಕುಡಿದರೆ ಅದು ಉಬ್ಬುತ್ತದೆ. ಬೇಸಗೆಯಲ್ಲಿ ಒಣಗಿ, ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರಲ್ಲಿ ನೆಟ್ಟ ಕಂಬ ವರ್ಷಕ್ಕೆರಡು ಸಲ ಉಸಿರಾಡುತ್ತದೆ ಎನ್ನಬೇಕು. ಕಂಬ ಕೂದಲೆಳೆಯಷ್ಟು ವಾಲಿದರೂ ಹತ್ತು ಅಡಿ ದೂರದ ಕದದ ತುದಿ ಬೆರಳಷ್ಟು ಕುಸಿಯುತ್ತದೆ. ನಮ್ಮ ಗೇಟಿನ ತುದಿ ನೆಲವನ್ನು ಕೆರೆಯತೊಡಗಿತು. ಅಂಗಳದಲ್ಲಿ ಕೈವಾರದಿಂದ ಎಳೆದಂತೆ ಒಂದು ಕಮಾನು ಮೂಡಿತು. ನಾವು ಮಾಡಿದ್ದೇನು? ಚಿಲಕದ ತೂತನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿದೆವು. ಗೇಟಿನ ಕೆಳಗಿನ ಮಣ್ಣನ್ನು ಅಗೆದು ತೆಗೆದೆವು. ಉಳಿದುದನ್ನು ಜವಾನನ ಹೆಗಲಿಗೆ ಬಿಟ್ಟೆವು. ಅವನು ದಿನವೂ ಕದವನ್ನು ಭುಜ ಕೊಟ್ಟು ಎತ್ತಿ ಹಾಕುತ್ತಿದ್ದ. ಗೇಟನ್ನು ಸರಿಪಡಿಸುವುದರ ಹೊರತು ಉಳಿದೆಲ್ಲವನ್ನೂ ಮಾಡಿದೆವು.

ಆ ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಆಗಷ್ಟೇ ಹೊಡೆದಿತ್ತು. ತಡವಾಗಿ ಬಂದ ಎಂಟನೆಯ ತರಗತಿಯ ಹುಡುಗನೊಬ್ಬ ಗೇಟಿನ ತುದಿಯ ಅಡ್ಡಪಟ್ಟಿಯನ್ನೇರಿ, ಅದನ್ನೇ ವಾಹನ ಮಾಡಿಕೊಂಡು ಒಳಗೆ ಬಂದ. ನಾನು ಜಗಲಿಯ ಮೇಲಿದ್ದು ನೋಡುತ್ತಿದ್ದೆ. ಗದರಿಸಬೇಕೆನ್ನಿಸಲಿಲ್ಲ, ನಾನೂ ಹುಡುಗನಾಗಿದ್ದವನೆ. ಅವನು ಹಾರಿ ಇಳಿದು ಓಡಿದ. ಓಡುವ ಭರದಲ್ಲಿ ಊಟದ ಡಬ್ಬಿ ಕೈಜಾರಿ ಬಿತ್ತು. ಎತ್ತಿಕೊಳ್ಳಲು ಅವನು ಹಿಂದಿರುಗುವಷ್ಟರಲ್ಲಿ ಮೇಲಿನ ಕೀಲಿನ ಬೆಸುಗೆ ಬಂದೂಕಿನ ಸದ್ದು ಮಾಡಿ ಕಿತ್ತು ಬಂದಿತು. ಒಂದೂವರೆ ಕ್ವಿಂಟಲಿನ ಕದ ಅಂಗಳಕ್ಕೆ ಬೋರಲಾಗಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಗೇಟನ್ನೆತ್ತಿದಾಗ ಡಬ್ಬಿ ರೊಟ್ಟಿಯಂತೆ ಚಪ್ಪಟೆಯಾಗಿತ್ತು.

ಮಧ್ಯಾಹ್ನ ಊರಿನ ಮುದುಕ ಕಂಬಾರನನ್ನು ಕರೆಸಿದೆವು. ಅವನು ಕಿತ್ತುಬಂದ ಕೀಲನ್ನು ಮುಟ್ಟಿಯೂ ನೋಡಲಿಲ್ಲ. ಮೊದಲು ನೆಲದ ಮೇಲಿನ ಕಮಾನನ್ನು ನೋಡಿದ. ಆಮೇಲೆ ಗೌಂಡಿಯ ತೂಗುಗುಂಡನ್ನು ತರಿಸಿ ಕಂಬದ ಪಕ್ಕಕ್ಕೆ ಇಳಿಬಿಟ್ಟ.

“ಇದು ಇವತ್ತ ಬಿದ್ದದ್ದಲ್ರಿ ಮಾಸ್ತರ್ರ. ಎರಡು ವರ್ಷದಿಂದ ಬೀಳಾಕ ಹತ್ತಿತ್ತು. ನೆಲದ ಮ್ಯಾಲ ಬರಕೋಂತ ಬಂದೈತಿ, ನೋಡ್ರಿ,” ಎಂದ.

ಆ ಮಾತು ನನ್ನನ್ನು ಚುಚ್ಚಿತು. ಸನ್ನೆಗೋಲಿನ ಪಾಠವನ್ನು ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಹಲಗೆಯ ಮೇಲೆ ಬರೆದು ಹೇಳಿದವನು ನಾನು. ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ಕದದ ತೂಕ 150 ಕಿಲೋಗ್ರಾಂ. ಅದರ ಭಾರಕೇಂದ್ರ ಕೀಲಿನಿಂದ 5 ಅಡಿ ದೂರ. ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ 4 ಅಡಿ ಅಂತರ. 150ನ್ನು 5ರಿಂದ ಗುಣಿಸಿ 4ರಿಂದ ಭಾಗಿಸಿದರೆ 187.5. ಎಂದರೆ, ಕದವನ್ನು ಸುಮ್ಮನೆ ತೂಗುಬಿಟ್ಟಿದ್ದರೂ ಮೇಲಿನ ಕೀಲನ್ನು ಕಂಬದಿಂದ ಹೊರಕ್ಕೆ ಜಗ್ಗುವ ಬಲ ಕದದ ತೂಕಕ್ಕಿಂತಲೂ ಹೆಚ್ಚು! ಕೆಳಗಿನ ಕೀಲು ಅಷ್ಟೇ ಬಲದಿಂದ ಕಂಬವನ್ನು ಒತ್ತುತ್ತಿರುತ್ತದೆ. 30 ಕಿಲೋ ತೂಗುವ ಹುಡುಗ ಹತ್ತು ಅಡಿ ದೂರದ ತುದಿಯಲ್ಲಿ ನಿಂತರೆ ಆ ಜಗ್ಗಿಗೆ ಇನ್ನೂ 75 ಕಿಲೋ ಸೇರುತ್ತದೆ. ನಾನು ಜಗಲಿಯಲ್ಲಿ ನಿಂತು ಮುಗುಳ್ನಗುತ್ತ ನೋಡಿದ್ದು ಇದನ್ನು.

ಹಿಂದಿನವರು ಈ ಲೆಕ್ಕವನ್ನು ಬರೆದಿಡದೆಯೇ ಬಲ್ಲವರಾಗಿದ್ದರು. ನಮ್ಮ ಹಳೆಯ ಕೋಟೆಗಳ ಹೆಬ್ಬಾಗಿಲುಗಳಲ್ಲಿ ಕದ ತಿರುಗುತ್ತಿದ್ದ ಕಲ್ಲಿನ ಕುಳಿಗಳನ್ನು ಈಗಲೂ ಕಾಣಬಹುದು. ಕದದ ಕೆಳತುದಿ ನೆಲದ ಕುಳಿಯಲ್ಲಿ ಕೂತು ಭಾರವನ್ನೆಲ್ಲ ಭೂಮಿಗೇ ಒಪ್ಪಿಸುತ್ತಿತ್ತು; ಮೇಲ್ತುದಿ ಕಲ್ಲಿನ ಬಳೆಯಲ್ಲಿ ತಿರುಗುತ್ತಿತ್ತು. ಆ ಕದಗಳು ಅಗಲಕ್ಕಿಂತ ಎತ್ತರವಾದುವು. ಆದಕಾರಣ ಜಗ್ಗು ಕಡಿಮೆ. ನಮ್ಮ ಗೇಟುಗಳೋ ಅಗಲವಾಗಿ ಗಿಡ್ಡವಾದುವು, ಜಗ್ಗು ಹೆಚ್ಚು. ಮಲೆನಾಡಿನ ರೈತ ಇನ್ನೂ ಜಾಣ. ಅವನ ಉಣುಗೋಲಿಗೆ ಕೀಲೇ ಇಲ್ಲ. ಎರಡು ಕಂಬಗಳ ತೂತುಗಳಲ್ಲಿ ಬಿದಿರಿನ ಗಳುಗಳನ್ನು ಅಡ್ಡ ಸೇರಿಸಿದರಾಯಿತು. ಇತ್ತ 1914ರಲ್ಲಿ ತೆರೆದ ಪನಾಮಾ ಕಾಲುವೆಯ ಉಕ್ಕಿನ ದ್ವಾರಗಳಿಗೆ 65 ಅಡಿ ಅಗಲ, 7 ಅಡಿ ದಪ್ಪ. ನೂರಾರು ಟನ್ ತೂಕ. ಅವುಗಳ ಒಳಗನ್ನು ಟೊಳ್ಳು ಮಾಡಿ, ನೀರೇ ಒಂದಿಷ್ಟು ಎತ್ತಿಹಿಡಿಯುವಂತೆ ಕಟ್ಟಿದ್ದಾರೆ. ಕೀಲಿನ ಕಷ್ಟವನ್ನು ಅರಿತವರ ಕೆಲಸ ಅದು.

ನಮ್ಮ ಕಂಬಾರ ಸೂಚಿಸಿದ ಉಪಾಯ ಇವೆಲ್ಲಕ್ಕಿಂತ ಸರಳವಾದುದು. “ಎರಿ ನೆಲದಾಗ ಕಂಬಾ ಸರಿಯೋದು ತಪ್ಪಂಗಿಲ್ರಿ. ಅದು ಎಷ್ಟು ಸರೀತೈತೋ ಅಷ್ಟು ಕೀಲೂ ಸರೀಬೇಕು,” ಎಂದನವನು. ಬೆಸುಗೆ ಹಾಕಿ ಬಿಗಿದ ಕೀಲಿಗೆ ಕ್ಷಮೆಯೆಂಬುದಿಲ್ಲ. ಅದರ ಬದಲು ಒಂದಂಗುಲ ದಪ್ಪದ, ಸುತ್ತು ಕೊರೆದ ಬೋಲ್ಟಿನ ತುದಿಗೆ ಬಳೆ ಮಾಡಿಸಿದ. ಬಳೆ ಕಂಬದ ಗೂಟಕ್ಕೆ ಸಿಕ್ಕುತ್ತದೆ. ಬೋಲ್ಟು ಕದದ ಚೌಕಟ್ಟನ್ನು ಹಾಯ್ದು, ಒಳಗೊಂದು ಹೊರಗೊಂದು ನಟ್ಟಿನ ನಡುವೆ ನಿಲ್ಲುತ್ತದೆ. ಆ ಬೋಲ್ಟಿಗೆ ಅಂಗುಲಕ್ಕೆ ಎಂಟು ಸುತ್ತು. ಮೇಲಿನ ಕೀಲಿನ ನಟ್ಟುಗಳನ್ನು ಎರಡು ಸುತ್ತು ತಿರುಗಿಸಿದರೆ ಕದದ ತಲೆ ಕಾಲು ಅಂಗುಲ ಕಂಬದತ್ತ ಸರಿಯುತ್ತದೆ. ಅತ್ತ ಹತ್ತು ಅಡಿಯಾಚೆಯ ತುದಿ ಅರ್ಧ ಅಂಗುಲಕ್ಕೂ ಮಿಗಿಲಾಗಿ ಮೇಲೇಳುತ್ತದೆ. ಜವಾನ ಎರಡು ವರ್ಷ ಹೆಗಲು ಕೊಟ್ಟು ಮಾಡಿದ ಕೆಲಸ ಪಾನಾದ ಎರಡು ಸುತ್ತಿನಲ್ಲಿ ಮುಗಿಯಿತು.

ಗೂಟಗಳನ್ನು ಕೂರಿಸುವ ಪಟ್ಟಿಗೆ ದುಂಡು ತೂತುಗಳ ಬದಲು ಉದ್ದ ತೂತುಗಳನ್ನು ಕೊರೆಸಿದ. ಕಂಬ ರಸ್ತೆಯತ್ತಲೋ ಅಂಗಳದತ್ತಲೋ ವಾಲಿದಾಗ ಪಟ್ಟಿಯನ್ನು ಪಕ್ಕಕ್ಕೆ ಜರುಗಿಸಿ ಬಿಗಿಯಬಹುದು. ಎರಡು ಗೂಟಗಳೂ ತೂಗುಗುಂಡಿನ ಒಂದೇ ದಾರದಲ್ಲಿ ನಿಂತರೆ, ಗೇಟು ಬಿಟ್ಟಲ್ಲಿ ನಿಲ್ಲುತ್ತದೆ. ಇಲ್ಲವಾದರೆ ತಾನಾಗಿ ತೆರೆಯುತ್ತದೆ, ಇಲ್ಲವೆ ತಾನಾಗಿ ಮುಚ್ಚುತ್ತದೆ. ಮೇಲಿನ ಗೂಟವನ್ನು ತಲೆಕೆಳಗು ಮಾಡಿ ನಿಲ್ಲಿಸಿದ. ಯಾರಾದರೂ ಕದವನ್ನೆತ್ತಿದರೂ ಅದು ಕೀಲಿನಿಂದ ಕಳಚಿ ಬೀಳದು. ಇಷ್ಟಾದ ಮೇಲೆಯೂ ಒಂದು ದಪ್ಪ ಸರಪಳಿಯನ್ನು ಸಡಿಲವಾಗಿ ಕಂಬಕ್ಕೂ ಕದಕ್ಕೂ ಹಾಕಿಸಿದ. ಕೀಲು ಕೈಬಿಟ್ಟ ದಿನ ಹಿಡಿಯಲು ಇನ್ನೊಂದು ಕೈ ಬೇಕಲ್ಲ!

ಕೀಲು ಸರಿಹೋದ ಮಾತ್ರಕ್ಕೆ ಕಂಬದ ತಪ್ಪು ಮಾಫಿಯಾಗದು. ಎರೆಯ ನೆಲದಲ್ಲಿ ಅಡಿಪಾಯ ಮಳೆ ಬಿಸಿಲು ತಟ್ಟದ ಆಳಕ್ಕೆ ಹೋಗಬೇಕು. ಅಂಥ ನೆಲಕ್ಕಾಗಿ, ಬುಡದಲ್ಲಿ ಗೆಡ್ಡೆಯಂತೆ ಉಬ್ಬಿದ ಕಾಂಕ್ರೀಟಿನ ಗೂಟಗಳನ್ನು ನಮ್ಮ ದೇಶದಲ್ಲಿ ಬಳಕೆಗೆ ತಂದದ್ದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ. ನಮ್ಮ ಬಡ ಶಾಲೆಗೆ ಅಷ್ಟು ಸಾಧ್ಯವಾಗಲಿಲ್ಲ. ಎರಡು ಕಂಬಗಳ ಬುಡವನ್ನೂ ನೆಲದೊಳಗೆ ಒಂದು ಕಾಂಕ್ರೀಟಿನ ತೊಲೆಯಿಂದ ಬಿಗಿದೆವು. ವಾಲುವುದು ಕಡಿಮೆಯಾಯಿತು; ನಿಲ್ಲಲಿಲ್ಲ. ಮಿಕ್ಕಿದ್ದನ್ನು ನಟ್ಟು ನೋಡಿಕೊಂಡಿತು.

ಎಂದೆಂದಿಗೂ ಸರಿಯದಂತೆ ಬಿಗಿದುದೇ ಭದ್ರವೆಂದು ನಾನು ತಿಳಿದಿದ್ದೆ. ಮೇಷ್ಟರ ಕಸುಬಿನಲ್ಲಿ ಆ ನಂಬಿಕೆ ಬೇಗ ಬೇರೂರುತ್ತದೆ. ನೆಲ ಸರಿಯುತ್ತದೆಂಬುದನ್ನು ಮೊದಲೇ ಒಪ್ಪಿಕೊಂಡು, ತಿದ್ದಿಕೊಳ್ಳಲು ಕಾಲು ಅಂಗುಲವನ್ನು ಕಾದಿರಿಸುವ ಕೀಲು ಅದಕ್ಕಿಂತ ಹೆಚ್ಚು ಬಾಳುವುದೆಂದು ಅಂದು ಕಂಡೆ. ಆದರೆ ಆ ಅವಕಾಶವಿದ್ದರೆ ಸಾಲದು. ತಿರುಗಿಸುವ ಕೈಯೂ ಬೇಕು. ಅದಕ್ಕಾಗಿ ಶಾಲೆಯ ವಾರ್ಷಿಕ ಕೆಲಸಗಳ ಪಟ್ಟಿಯಲ್ಲಿ ನೀರಿನ ತೊಟ್ಟಿ ತೊಳೆಯುವುದರ ಕೆಳಗೆ ಒಂದು ಸಾಲು ಸೇರಿಸಿದೆ: ‘ಗೇಟಿನ ಕೀಲು ನೋಡುವುದು: ಮುಂಗಾರಿನ ಮುಂಚೆ ಒಮ್ಮೆ, ದೀಪಾವಳಿಯ ನಂತರ ಒಮ್ಮೆ.’

2016ರಲ್ಲಿ ನಿವೃತ್ತನಾಗುವವರೆಗೂ ಸನ್ನೆಗೋಲಿನ ಪಾಠಕ್ಕೆ ಹೋಗುವಾಗ ನಾನು ವಿಜ್ಞಾನದ ಕಪಾಟಿನಿಂದ ಒಂದು ವಸ್ತುವನ್ನು ತಪ್ಪದೆ ಒಯ್ಯುತ್ತಿದ್ದೆ. ಹುಡುಗರು ಮೊದಲು ಅದನ್ನು ನೋಡಿ ನಗುತ್ತಿದ್ದರು. ಅದು ಏನೆಂದು ಹೇಳಿದ ಮೇಲೆ ತರಗತಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು. ಆ ಚಪ್ಪಟೆ ಡಬ್ಬಿಯನ್ನು ಕಪಾಟಿನಲ್ಲಿಯೇ ಬಿಟ್ಟು ಬಂದಿದ್ದೇನೆ.