ಮಗಳಿಗೆ ಲಸಿಕೆ, ತಾಯಿಗೆ ಸಂದೇಹ

ಕಾರಣವೂ ನಿಶ್ಚಿತವಾಗಿ ತಿಳಿದಿದ್ದು, ನಿವಾರಣೋಪಾಯವೂ ಕೈಗೆ ಬಂದಿದ್ದು, ಆದರೂ ಮನೆಯ ಮಾತುಕತೆಯಲ್ಲಿ ಹೆಸರೇ ಕೇಳಿಬರದಿರುವ ವ್ಯಾಧಿಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಮುಖ್ಯವಾದದ್ದು. 2022ರ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಆ ಒಂದೇ ವರ್ಷದಲ್ಲಿ ಭಾರತದ ಸುಮಾರು 1,27,000 ಸ್ತ್ರೀಯರಲ್ಲಿ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು. ಸುಮಾರು 80,000 ಮಂದಿ ಇದರಿಂದ ಮೃತರಾದರು. ಬಿಳಿ ಸೆರಗು, ಕಿಬ್ಬೊಟ್ಟೆಯ ನೋವು, ಮುಟ್ಟು ನಿಂತು ವರ್ಷಗಳಾದ ಮೇಲೂ ತೋರುವ ರಕ್ತಸ್ರಾವ, ಇವೆಲ್ಲವನ್ನೂ ‘ಹೆಂಗಸರಿಗೆ ಇದ್ದದ್ದೇ’ ಎಂದು ಗಂಡನಿಗೂ ಹೇಳದೆ, ಬೆಳೆದ ಮಗಳಿಗೂ ಹೇಳದೆ ಸಹಿಸಿಕೊಳ್ಳುವ ನಮ್ಮ ತಾಯಂದಿರು ದೊಡ್ಡಾಸ್ಪತ್ರೆಯ ಮೆಟ್ಟಿಲು ಹತ್ತುವುದು ಬಹುಮಟ್ಟಿಗೆ ರೋಗವು ಬಲಿತ ಬಳಿಕವೇ.

ಈ ರೋಗದ ಮೂಲ ಎಚ್‌ಪಿವಿ ಎಂಬ ವೈರಾಣು. ಇದನ್ನು ಕಂಡುಹಿಡಿದು ತೋರಿಸಿದ ಜರ್ಮನಿಯ ಹರಾಲ್ಡ್ ತ್ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇದರ ಪ್ರಭೇದಗಳು ಇನ್ನೂರಕ್ಕೂ ಮಿಕ್ಕಿ ಇದ್ದರೂ 16 ಮತ್ತು 18ನೆಯವೆರಡೇ ಗರ್ಭಕಂಠದ ಕ್ಯಾನ್ಸರಿನ ನೂರರಲ್ಲಿ ಸುಮಾರು 70 ಪಾಲಿಗೆ ಕಾರಣವಾಗಿವೆ. ದಾಂಪತ್ಯ ಸಂಪರ್ಕದಿಂದ ಬಹುಪಾಲು ಸ್ತ್ರೀಪುರುಷರಿಗೆ ಎಂದಾದರೊಮ್ಮೆ ತಗಲತಕ್ಕ ಈ ಸೋಂಕು ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಕೆಲವರಲ್ಲಿ ಮಾತ್ರ ಬೇರೂರಿ, ಹದಿನೈದಿಪ್ಪತ್ತು ವರ್ಷಗಳ ನಂತರ ಕ್ಯಾನ್ಸರಾಗಿ ಪರಿಣಮಿಸುತ್ತದೆ. ಈ ಸೋಂಕನ್ನು ತಡೆಯುವ ಲಸಿಕೆಯಲ್ಲಿರುವುದು ವೈರಾಣುವಲ್ಲ, ಅದರ ಹೊರಕವಚವನ್ನು ಹೋಲುವ ಪ್ರೋಟೀನು ಮಾತ್ರ. ಆದಕಾರಣ ಅದರಿಂದ ರೋಗ ಬರುವ ಸಂಭವವೇ ಇಲ್ಲ.

ಆದರೆ ತಾಯಂದಿರು ಕೇಳುವ ಪ್ರಶ್ನೆ ಪ್ರೋಟೀನಿಗೆ ಸಂಬಂಧಿಸಿದ್ದಲ್ಲ. ‘ಇನ್ನೂ ಮೈನೆರೆಯದ ಹುಡುಗಿಗೆ ಇದೇಕೆ? ನಮ್ಮ ಹುಡುಗಿ ಅಂಥವಳಲ್ಲ’ ಎಂಬುದು ಅವರ ಮೊದಲ ಮಾತು; ‘ನಾಳೆ ಮಕ್ಕಳಾಗದೆ ಹೋದರೆ?’ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರವಿಷ್ಟೆ: ಈ ಲಸಿಕೆಗೂ ಹುಡುಗಿಯ ನಡತೆಗೂ ಯಾವ ಸಂಬಂಧವೂ ಇಲ್ಲ. ಮದುವೆಯೊಂದನ್ನು ಬಿಟ್ಟು ಬೇರೊಂದನ್ನು ಅರಿಯದ ಪತಿವ್ರತೆಗೂ ಗಂಡನಿಂದಲೇ ಈ ಸೋಂಕು ಬರಬಹುದು. ಅದು ತಗಲುವ ಮುನ್ನವೇ ರಕ್ಷಣೆಯನ್ನು ಒದಗಿಸಬೇಕಾದುದರಿಂದಲೂ, ಎಳೆಯ ದೇಹವು ಲಸಿಕೆಗೆ ಹೆಚ್ಚು ಚೆನ್ನಾಗಿ ಸ್ಪಂದಿಸುವುದರಿಂದಲೂ ಒಂಬತ್ತರಿಂದ ಹದಿನಾಲ್ಕರ ವಯಸ್ಸನ್ನು ವೈದ್ಯರು ಆರಿಸಿದ್ದಾರೆ. ಪೈರನ್ನು ದನ ಮೇಯ್ದ ಮೇಲೆ ಬೇಲಿ ಕಟ್ಟುವ ರೈತನುಂಟೆ? ಇನ್ನು ಬಂಜೆತನದ ಭಯ: 2006ರಿಂದೀಚೆಗೆ ಲೋಕದಲ್ಲಿ ಕೋಟ್ಯಂತರ ಬಾಲಿಕೆಯರು ಈ ಲಸಿಕೆ ಪಡೆದಿದ್ದು, ಸಂತಾನಶಕ್ತಿಗೆ ಇದರಿಂದ ಹಾನಿಯುಂಟೆಂಬುದಕ್ಕೆ ಆಧಾರ ದೊರೆತಿಲ್ಲ. ತೋಳಿನ ನೋವು, ಅಲ್ಪ ಜ್ವರ, ಕೆಲವರಿಗೆ ಚುಚ್ಚಿದೊಡನೆ ತಲೆಸುತ್ತು, ಇವು ಉಂಟು.

ಹಾಗೆಂದು ತಾಯಂದಿರ ಅವಿಶ್ವಾಸವನ್ನು ಅಜ್ಞಾನವೆಂದು ತಳ್ಳಿಬಿಡುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಸಹಸ್ರಾರು ಬಾಲಿಕೆಯರಿಗೆ ಅಧ್ಯಯನಾರ್ಥವಾಗಿ ಈ ಲಸಿಕೆಯನ್ನು ಹಾಕಿದಾಗ, ಅವರಲ್ಲಿ ಏಳು ಮಂದಿ ತೀರಿಕೊಂಡರೆಂಬ ವಾರ್ತೆ ಹಬ್ಬಿ, 2010ರ ಏಪ್ರಿಲಿನಲ್ಲಿ ಆ ಕಾರ್ಯ ಸ್ಥಗಿತಗೊಂಡಿತು. ಆ ಸಾವುಗಳಿಗೆ ಲಸಿಕೆಯೇ ಕಾರಣವೆಂದು ವಿಚಾರಣೆಯಲ್ಲಿ ಸಾಬೀತಾಗಲಿಲ್ಲ. ಆದರೆ ಹೆತ್ತವರ ಒಪ್ಪಿಗೆ ಇರಬೇಕಾದ ಕಾಗದದ ಮೇಲೆ ಅನೇಕ ಕಡೆ ವಸತಿನಿಲಯದ ಮೇಲ್ವಿಚಾರಕರ ರುಜು ಇದ್ದದ್ದು ಸತ್ಯ. ಸಂಸತ್ತಿನ ಸ್ಥಾಯೀ ಸಮಿತಿಯು 2013ರಲ್ಲಿ ಇದನ್ನು ತೀವ್ರವಾಗಿ ಖಂಡಿಸಿತು. ಬಡವರ ಮಕ್ಕಳ ವಿಷಯದಲ್ಲಿ ಕೇಳಬೇಕಾದವರನ್ನು ಕೇಳದೆ ನಡೆದ ಆ ಪ್ರಮಾದದಿಂದ ಒಳ್ಳೆಯ ಔಷಧವೊಂದು ಎಷ್ಟೋ ವರ್ಷ ಜನರ ಸಂಶಯಕ್ಕೆ ಗುರಿಯಾಯಿತು.

ಸಿಕ್ಕಿಂ ರಾಜ್ಯದವರು ಅನುಸರಿಸಿದ ಮಾರ್ಗ ಇದಕ್ಕೆ ವ್ಯತಿರಿಕ್ತವಾದದ್ದು. 2018ರಲ್ಲಿ ಅಲ್ಲಿ ಶಿಕ್ಷಕರಿಗೂ ಪೋಷಕರಿಗೂ ಪತ್ರಿಕೆಯವರಿಗೂ ಮೊದಲು ವಿಷಯವನ್ನು ವಿವರಿಸಿ, ಅನಂತರ ಶಾಲೆಗಳಲ್ಲಿ ಲಸಿಕೆ ಹಾಕಿದುದರ ಫಲವಾಗಿ ಅರ್ಹ ಬಾಲಿಕೆಯರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಅದನ್ನು ಪಡೆದರು. 2008ರಲ್ಲಿ ಲಸಿಕೆಯನ್ನು ಆರಂಭಿಸಿದ ಸ್ಕಾಟ್ಲೆಂಡಿನಲ್ಲಿ, ಹನ್ನೆರಡು ಹದಿಮೂರರ ಪ್ರಾಯದಲ್ಲಿ ಅದನ್ನು ಪೂರ್ಣವಾಗಿ ಪಡೆದವರ ಪೈಕಿ ಒಬ್ಬಳಿಗೂ ಈ ಕ್ಯಾನ್ಸರ್ ಬಂದಿಲ್ಲವೆಂದು 2024ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ನಮ್ಮ ದೇಶದಲ್ಲೇ ತಯಾರಾದ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ದೊರೆತಿದೆ. ಬಾಲಿಕೆಯರು ಎಚ್‌ಪಿವಿ ಲಸಿಕೆಯನ್ನು ಒಂದೇ ಸಲ ಚುಚ್ಚಿಸಿಕೊಂಡರೂ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಅದೇ ವರ್ಷ ಒಪ್ಪಿದೆ.

ಲಸಿಕೆಯ ಕಾಲ ಮೀರಿದ ತಾಯಂದಿರಿಗೂ ದಾರಿಯಿಲ್ಲದಿಲ್ಲ. ರೋಗದ ಪೂರ್ವಾವಸ್ಥೆಯನ್ನು ಪರೀಕ್ಷೆಯಿಂದ ಕಂಡುಹಿಡಿದರೆ ಅಲ್ಪ ಚಿಕಿತ್ಸೆಯಿಂದಲೇ ಅದನ್ನು ನಿವಾರಿಸಬಹುದು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮೂವತ್ತರಿಂದ ನಲವತ್ತೊಂಬತ್ತರ ಸ್ತ್ರೀಯರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಲಸಿಕೆ ಪಡೆದವಳೂ ಮುಂದೆ ಈ ಪರೀಕ್ಷೆಯನ್ನು ಬಿಡತಕ್ಕದ್ದಲ್ಲ. ಆದುದರಿಂದ ಒಂಬತ್ತು ತುಂಬಿದ ಮಗಳಿರುವ ತಾಯಿ ಸಂಕೋಚವನ್ನು ಬದಿಗಿಟ್ಟು ವೈದ್ಯರನ್ನೋ ಊರಿನ ಆಶಾ ಕಾರ್ಯಕರ್ತೆಯನ್ನೋ ಕಂಡು, ತನ್ನ ಸಂದೇಹಗಳನ್ನೆಲ್ಲ ಕೇಳಿ, ಮಗಳಿಗೆ ಲಸಿಕೆಯನ್ನೂ ತನಗೆ ಪರೀಕ್ಷೆಯನ್ನೂ ಮಾಡಿಸಲಿ.